ರಾಜನಿಗೊಂದು ದೌರ್ಬಲ್ಯ

ರಾಜ್ಯ ಕಟ್ಟುವುದು ಪುಷ್ಪಮ್ಮನಿಗೆ ಕಷ್ಟವಾಗಲಿಲ್ಲ. ಕಾಡು, ಕೋಟೆ, ಮೊಸಳೆ ತುಂಬಿದ ಹೊಳೆ ಎಲ್ಲವೂ ಲಾಂಗ್ ನೋಟ್‌ಬುಕ್ಕಿನಲ್ಲಿ ಸಲೀಸಾಗಿ ಎದ್ದು ನಿಂತವು. ಅವಳನ್ನು ಸತಾಯಿಸಿದ್ದು ದೌರ್ಬಲ್ಯದ ನಿಯಮ ಒಂದೇ.

ಎಂಬತ್ತಮೂರನೇ ಇಸವಿಯ ಮಾತು. ಹೊಸನಗರದ ಮಿಡ್ಲ್ ಸ್ಕೂಲ್ ಟೀಚರಾಗಿದ್ದ ಅವಳು ಪೇಪರಿನ ಮೂಲೆಯಲ್ಲಿ ಒಂದು ಸುದ್ದಿ ಓದಿದ್ದಳು. ಅಮೆರಿಕದಲ್ಲಿ ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಕಥೆ ಆಡುತ್ತಾರಂತೆ. ನಾವೂ ಆಡಬಾರದೇಕೆ ಅಂತ ಅವಳೇ ಒಂದು ಆಟ ಕಟ್ಟಿದಳು. ದಾಳದ ಬದಲು ಕವಡೆ. ಭಾನುವಾರ ಮಧ್ಯಾಹ್ನ ಊಟ ಮುಗಿದರೆ ಆಟ ಶುರು. ಕಥೆ ನಡೆಸುವವಳು ಅವಳೇ. ಎದುರುಮನೆಯ ಬಸ್ ಕಂಡಕ್ಟರ್ ಸುಬ್ಬಪ್ಪ ಸೇನಾಪತಿ, ಆಸ್ಪತ್ರೆಯ ನರ್ಸ್ ಮಹಾಲಕ್ಷ್ಮಿ ವೈದ್ಯೆ, ಪುಷ್ಪಮ್ಮನ ಅಪ್ಪ ಶೇಷಪ್ಪನವರು ರಾಜ. ರಾಜನಲ್ಲದೆ ಬೇರೆ ಏನಾದರೂ ಆಗಲು ಅವರು ಒಪ್ಪಬೇಕಲ್ಲ!

ಪ್ರತಿ ಪಾತ್ರಕ್ಕೂ ಒಂದು ದೌರ್ಬಲ್ಯ ಇರಲೇಬೇಕು, ಅದನ್ನು ಅವರವರೇ ಬರೆಯಲಿ ಅಂದಳು. ಸುಬ್ಬಪ್ಪ 'ಸಮುದ್ರ ಕಂಡರೆ ಹೆದರಿಕೆ' ಅಂತ ಬರೆದ. ಆ ರಾಜ್ಯದಲ್ಲಿ ಸಮುದ್ರವೇ ಇರಲಿಲ್ಲ. ಮಹಾಲಕ್ಷ್ಮಿ 'ಅತಿಯಾದ ಕರುಣೆ' ಅಂದಳು. ಶೇಷಪ್ಪನವರು 'ಸಿಟ್ಟು' ಅಂದರು. ಆಟದಲ್ಲಿ ಆ ಸಿಟ್ಟಿನಿಂದ ರಾಜ ಒಮ್ಮೆ ಮಂತ್ರಿಯನ್ನು ಓಡಿಸಿ ಪೇಚಿಗೆ ಸಿಕ್ಕಿದ್ದೂ ಉಂಟು. ಆದರೆ ಶೇಷಪ್ಪನವರು ಮೂವತ್ತು ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು, ಕೂತಲ್ಲೇ ಮಾತಿನಲ್ಲಿ ಕುರುಕ್ಷೇತ್ರ ಗೆದ್ದವರು. ರಾಜನ ಸಿಟ್ಟು ದೌರ್ಬಲ್ಯವಲ್ಲ, ಧರ್ಮ ಅಂತ ಅರ್ಧ ಗಂಟೆ ವಾದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಯಮ ಸತ್ತಿತು.

ಇನ್ನೊಬ್ಬರ ದೌರ್ಬಲ್ಯ ಹಿಡಿದುಕೊಟ್ಟವರಿಗೆ ಒಂದು ಕವಡೆ ಅಂದಳು. ಸುಬ್ಬಪ್ಪನೂ ಮಹಾಲಕ್ಷ್ಮಿಯೂ ಒಂದು ವಾರ ಮಾತು ಬಿಟ್ಟರು.

ಈ ಗಲಾಟೆಯ ನಡುವೆ ಪುಷ್ಪಮ್ಮ ಒಂದು ಸಂಗತಿ ಗಮನಿಸಿದ್ದಳು. ಆಟದಲ್ಲಿ ರಾಜನಿಗೆ ಓಲೆ ಅಂತ ಅವಳು ಬರೆದ ಚೀಟಿ ಬಂದಾಗಲೆಲ್ಲ ಶೇಷಪ್ಪನವರು "ರಾಜ ತಾನೇ ಓದ್ತಾನೇನೋ? ಓದು ಸುಬ್ಬ" ಅನ್ನುತ್ತಿದ್ದರು. ಬಿದ್ದ ಕವಡೆಗಳನ್ನು ಬೆರಳಿನಿಂದ ತಡವಿ ಎಣಿಸುತ್ತಿದ್ದರು. ಒಂದು ಭಾನುವಾರ ಅವಳು ಬೇಕೆಂದೇ ಖಾಲಿ ಚೀಟಿ ಕೊಟ್ಟಳು. ಅವರು ಅದನ್ನು ಗಂಭೀರವಾಗಿ ನೋಡಿ, ತಲೆದೂಗಿ, ಸುಬ್ಬಪ್ಪನ ಕೈಗೆ ದಾಟಿಸಿದರು. ತಾಲ್ಲೂಕಾಫೀಸಿನ ಜಗಲಿಯಲ್ಲಿ ಅರ್ಜಿ ಬರೆದುಕೊಡುವ ಅಪ್ಪ ಈಚೆಗೆ ಬಾಯಲ್ಲಿ ಹೇಳಿ ಬೇರೆಯವರ ಕೈಯಲ್ಲಿ ಬರೆಸುವುದು ಯಾಕೆ ಅಂತ ಪುಷ್ಪಮ್ಮನಿಗೆ ಈಗ ತಿಳಿಯಿತು.

"ಅಪ್ಪಯ್ಯ, ಪ್ರತಿ ಬುಧವಾರ ಸಾಗರದಲ್ಲಿ ಕಣ್ಣಿನ ಕ್ಯಾಂಪು ಇರುತ್ತಂತೆ. ತೋರ್ಸ್ಕೊಂಡ್ ಬರಾಣ."

"ನನ್ನ ಕಣ್ಣಿಗೆ ಎಂತ ಆಗಿದೆ? ಈ ಮನೇಲಿ ಬೆಳಕು ಸಾಲ್ದು" ಅಂತ ಶುರು ಮಾಡಿದವರು ಕಿಟಕಿ ಕಟ್ಟಿದ ಮೇಸ್ತ್ರಿಯ ವಂಶವನ್ನೆಲ್ಲ ಜಾಲಾಡಿ ಗೆದ್ದರು. ಅವರಿಗೆ ಕಣ್ಣಿನ ಪೊರೆ ತೆಗೆಯುವ ಆಪರೇಷನ್ ಅಂದರೆ ಭಯ. ಭಯ ಅಂತ ಬಾಯಿಬಿಟ್ಟು ಹೇಳುವುದು ಅದಕ್ಕಿಂತ ದೊಡ್ಡ ಭಯ. ಹೀಗೇ ಬಿಟ್ಟರೆ ಅಪ್ಪ ಪೂರ್ತಿ ಕುರುಡಾಗುತ್ತಾರೆ ಅಂತ ಅವಳು ಅಡುಗೆಮನೆಗೆ ಹೋಗಿ ಅತ್ತಳು. ಅತ್ತು ಮುಗಿಸಿ ನೋಟ್‌ಬುಕ್ ತೆಗೆದಳು.

ಮುಂದಿನ ಭಾನುವಾರ ಹೊಸ ನಿಯಮ ಓದಿದಳು. ಹೊಳೆ ದಾಟಬೇಕಾದರೆ ಪ್ರತಿಯೊಬ್ಬರೂ ತಮ್ಮ ನಿಜವಾದ ದೌರ್ಬಲ್ಯವನ್ನು ತಾವೇ ಹೇಳಬೇಕು. ಒಂದೇ ವಾಕ್ಯ, ಅರ್ಥ ವಿವರಿಸುವಂತಿಲ್ಲ. ಹೇಳಿದವರಿಗೆ ಒಂದು ಕವಡೆ. ಅವರ ಬಲಕ್ಕೆ ಕೂತವರು ನಗದೆ, ಕೊಂಕಾಡದೆ ಕೈಹಿಡಿದು ದಾಟಿಸಬೇಕು. ಶೇಷಪ್ಪನವರ ಬಲಕ್ಕೆ ಅವಳೇ ಕೂತಿದ್ದಳು, ಅದೂ ಲೆಕ್ಕ ಹಾಕಿಯೇ.

"ನಂಗೆ ಈಜು ಬರಲ್ಲ" ಅಂದ ಸುಬ್ಬಪ್ಪ.

"ರಕ್ತ ನೋಡಿದ್ರೆ ಈಗ್ಲೂ ನನ್ನ ಕೈ ನಡುಗುತ್ತೆ" ಅಂದಳು ಮಹಾಲಕ್ಷ್ಮಿ. ಯಾರೂ ನಗಲಿಲ್ಲ.

ಶೇಷಪ್ಪನವರು ಗಂಟಲು ಸರಿಮಾಡಿಕೊಂಡರು. "ಕಥೆ ನಡೆಸೋರಿಗೆ ದೌರ್ಬಲ್ಯ ಇಲ್ವಾ? ಮೊದ್ಲು ನಿಂದು ಹೇಳು."

ಇದನ್ನು ಅವಳು ಲೆಕ್ಕ ಹಾಕಿರಲಿಲ್ಲ. "ಅಪ್ಪಯ್ಯನ ಎದುರು ನೆಟ್ಟಗೆ ಮಾತಾಡಾಕೆ ಧೈರ್ಯ ಇಲ್ದೆ ಈ ನಿಯಮ ಬರ್ದೆ" ಅಂದುಬಿಟ್ಟಳು. ಕಣ್ಣು ತುಂಬಿತು.

ಶೇಷಪ್ಪನವರ ಬಾಯಿ ತೆರೆಯಿತು. ಸುಬ್ಬಪ್ಪ ಅರ್ಧ ಗಂಟೆಗೆ ತಯಾರಾಗಿ ಗೋಡೆಗೆ ಒರಗಿದ. ಆದರೆ ಅವರು ಮೇಜನ್ನು ಒಮ್ಮೆ ತಡವಿ, ತೀರಾ ಸಣ್ಣ ದನಿಯಲ್ಲಿ ಹೇಳಿದರು.

"ನಂಗೆ ಕಣ್ಣು ಕಾಣಲ್ಲ ಮಗ."

ಮೂವತ್ತು ವರ್ಷದಲ್ಲಿ ಅವರು ಆಡಿದ ಅತಿ ಚಿಕ್ಕ ಮಾತು ಅದು. ಪುಷ್ಪಮ್ಮನಿಗೆ ಅಪ್ಪನ ಮೇಲೆ ಹಿಂದೆಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು.

"ಒಂದೇ ವಾಕ್ಯ ಆಯ್ತಲ್ಲ? ಕವಡೆ ಕೊಡು" ಅಂತ ಅವರು ಕೈಚಾಚಿದ್ದು ಖಾಲಿ ಗೋಡೆಯ ಕಡೆಗೆ. ಅವಳು ಆ ಕೈ ಹಿಡಿದು ತನ್ನ ಕಡೆ ತಿರುಗಿಸಿ ಕವಡೆ ಇಟ್ಟಳು.

"ಸಾಗರದ ಬಸ್ಸು ಎಷ್ಟೊತ್ತಿಗೋ ಸುಬ್ಬ?"

"ಆರೂವರೆಗೆ ಗೌಡ್ರೇ. ಮುಂದಿನ ಸೀಟು ಹಿಡಿದಿಡ್ತೀನಿ."

ಬುಧವಾರ ಬಸ್ಸಿನಲ್ಲಿ ಮುಂದಿನ ಸೀಟು ರಾಜನಿಗೆ ಯಾಕೆ ತಕ್ಕದ್ದು ಅಂತ ಅವರು ದಾರಿಯುದ್ದಕ್ಕೂ ವಾದಿಸಿದರು. ಒಂದು ಕೈಯಲ್ಲಿ ಕವಡೆ ಬಿಗಿಯಾಗಿತ್ತು. ಇನ್ನೊಂದು ಕೈ ಬಲಕ್ಕೆ ಕೂತ ಮಗಳ ಕೈಯನ್ನು ಸಾಗರ ಬರುವವರೆಗೂ ಬಿಡಲಿಲ್ಲ.