ಭರಮಪ್ಪ ಡ್ರಮ್ ಕಾಸಿದ್ದು

ಸಂಜೆ ಆರಕ್ಕೆ ಬೈಲಹೊಂಗಲದ ಮೈದಾನದಲ್ಲಿ ಶೋ. ನಾಲ್ಕಕ್ಕೆ ಸಂಪಗಾಂವದ ಹಿತ್ತಲಲ್ಲಿ ಪ್ರಜ್ಞಾಳ ಸ್ನೇರ್ ಡ್ರಮ್ಮಿನ ಮುಖ ಸುಟ್ಟ ಹಪ್ಪಳದ ಹಾಗೆ ಮುದುಡಿ ಕೂತಿತ್ತು. ಸುಟ್ಟವರು ಯಾರು? ಅವಳ ಅಜ್ಜ, ಎಪ್ಪತ್ತೆಂಟರ ಭರಮಪ್ಪ. ಅದೂ ಪ್ರೀತಿಯಿಂದ!

“ಅಜ್ಜಾ, ಏನ ಮಾಡಿದಿ ಇದು!”

“ಮೋಡ ಆಗೇತಲ್ಲವಾ, ದನಿ ಸಡಲಾಗೇತಿ ಅನ್ನಿಸ್ತು. ಕಬ್ಬಿನ ರವದಿ ಉರಿ ಹಚ್ಚಿ ಒಂದೀಟ ಕಾಸಿದೆ.”

“ಅದು ತೊಗಲಲ್ಲೋ ಅಜ್ಜಾ, ಪ್ಲಾಸ್ಟಿಕ್!”

ತೊಗಲಿನ ಹಲಗಿ ಬಾರಿಸಿ ಬೆಳೆದ ಕೈ ಅದು. ಬಾರಿಸುವ ಮುಂಚೆ ಬೆಂಕಿಗೆ ಹಿಡಿಯಬೇಕು ಅನ್ನುವುದೊಂದೇ ಅದಕ್ಕೆ ಗೊತ್ತು.

ಅವಳ ‘ಕರಿಮಣ್ಣು’ ಬ್ಯಾಂಡಿನ ಹಾಡುಗಾರ ಯುವರಾಜ ಗಿಟಾರ್ ಹೊತ್ತು ಬಂದವನು ಇದನ್ನು ಕಂಡು ತಲೆ ಮೇಲೆ ಕೈ ಹೊತ್ತು ಕೂತ. ಬೆಳಗಾವಿಯಲ್ಲಿ ರೆಕಾರ್ಡಿಂಗ್ ಸ್ಟುಡಿಯೊ ನಡೆಸುವ ಸ್ನೇಹಲ್ ಇವತ್ತೇ ಕೇಳಲು ಬರುವವಳಿದ್ದಳು. ಒಪ್ಪಿದರೆ ಮೊದಲ ಆಲ್ಬಮ್, ಇಲ್ಲವಾದರೆ ಮತ್ತೆ ಅದೇ ಮದುವೆ ಆರ್ಕೆಸ್ಟ್ರಾ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ! ಡ್ರಮ್ಮಿಗೆ ಹೊಸ ಮುಖ ತರಲು ಬೆಳಗಾವಿಗೆ ಹೋಗಿಬರುವಷ್ಟರಲ್ಲಿ ಮೈದಾನ ಖಾಲಿಯಾಗಿರುತ್ತಿತ್ತು.

ಪ್ರಜ್ಞಾ ಸುಲಭಕ್ಕೆ ಅಳುವವಳಲ್ಲ. ಎಣ್ಣೆ ಡಬ್ಬಿ ಬಡಿದು ಶುರು ಮಾಡಿದವಳು. ಆರು ವರ್ಷ ಆರ್ಕೆಸ್ಟ್ರಾಗಳಲ್ಲಿ “ಹುಡಿಗಿ ಡ್ರಮ್ ಹೊಡ್ಯಾಕ ಹತ್ತೈತಿ ನೋಡ್ರಲೇ” ಅನ್ನುವ ಮಾತು ಕೇಳಿಯೂ ಒಂದು ಏಟು ತಪ್ಪಿಸದವಳು. ಡ್ರಮ್ಮರ್ ಕೆಲಸ ಸದ್ದು ಮಾಡುವುದಲ್ಲ, ಜೊತೆಗಿದ್ದವರು ದಾರಿ ತಪ್ಪದಂತೆ ಕಾಯುವುದು ಎಂದು ಅವಳ ನಂಬಿಕೆ. ಅದನ್ನು ಕಲಿಸಿದ್ದೂ ಇದೇ ಅಜ್ಜ, ಮೊಣಕಾಲ ಮೇಲೆ ಬೆರಳು ಬಡಿದು.

“ಅಟ್ಟದ ಮ್ಯಾಲಿನ ಹಲಗಿ ಕೊಡು ಅಜ್ಜಾ. ಸ್ಟ್ಯಾಂಡಿಗೆ ಕಟ್ಟತೇನಿ.”

ಭರಮಪ್ಪನ ಮುಖ ಕಪ್ಪಿಟ್ಟಿತು. ಮೂವತ್ತು ವರ್ಷದ ಹಿಂದೆ, ಮನೆಯವರೆಲ್ಲ ಬೌದ್ಧರಾದ ದಿನ, ಅದನ್ನಿನ್ನು ಯಾರ ಮುಂದೆಯೂ ಬಾರಿಸುವುದಿಲ್ಲವೆಂದು ಆಣೆ ಮಾಡಿದ್ದ.

“ಬ್ಯಾಡವಾ. ಮಂದಿ ಕಟ್ಟಿ ಮ್ಯಾಲ ಕುಂತಿರ್ತಿದ್ರು, ನಾವು ಬಿಸಲಾಗ ನಿಂತ ಬಡೀತಿದ್ವಿ. ಕುಂದರ್ರಿ ಅಂತ ಒಬ್ಬರೂ ಅನ್ಲಿಲ್ಲ. ಅದನ್ನ ನಿನ್ನ ಕೈಯಾಗ ನೋಡಾಕ ನನಗ ಆಗೂದಿಲ್ಲ.”

“ನಾ ಎಲ್ಲಿ ನಿಲ್ತೇನಿ? ಡ್ರಮ್ಮರ್ ಕುಂತ ಬಾರಸ್ತಾಳ ಅಜ್ಜಾ! ಸ್ಟೇಜಿನ ಮ್ಯಾಲ, ಎಲ್ಲಾರಕಿಂತ ಎತ್ತರದಾಗ. ನಿಲ್ಲೂದು ಮಂದಿ!”

ಮುದುಕ ಅವಳನ್ನೇ ದಿಟ್ಟಿಸಿದ. ಆಮೇಲೆ ಯಾರನ್ನೂ ಕಾಯದೆ ತಾನೇ ಏಣಿ ಹತ್ತಿದ. ಗೋಣಿಚೀಲದಿಂದ ಹೊರಬಂದ ಹಲಗಿಯಲ್ಲಿ ಒಂದು ಹುಳುಕಿಲ್ಲ, ಒಂದು ಬಿರುಕಿಲ್ಲ! ಕಳ್ಳ ಮುದುಕ, ವರ್ಷವರ್ಷವೂ ಯಾರಿಗೂ ಕಾಣದಂತೆ ಬಿಸಿಲಿಗಿಟ್ಟು, ಸುತ್ತಿನ ಕಟ್ಟಿಗೆಗೆ ಎಣ್ಣೆ ಸವರಿ ಕಾಪಾಡಿದ್ದ. ಪ್ರಜ್ಞಾಳಿಗೆ ಅಳು ಬಂದದ್ದು ಆಗ.

“ಅಳಬ್ಯಾಡ, ಬೆಂಕಿ ಆರತೇತಿ,” ಅಂದ ಭರಮಪ್ಪ. “ಇದನ್ನರ ಕಾಸಾಕ ಬೇಕು.”

ಮೈದಾನದಲ್ಲಿ ಮೊದಲ ಏಟು ಬಿತ್ತು ನೋಡಿ! ಅಬ್ಬಬ್ಬಾ, ಸ್ಪೀಕರಿನಿಂದ ಹೊರಟ ಆ ದನಿ ಎದೆಗೇ ಬಂದು ಬಡಿಯಿತು. ಯುವರಾಜನ ಗಿಟಾರ್ ಒಂದು ಕ್ಷಣ ತಬ್ಬಿಬ್ಬಾಗಿ, ಹಲಗಿಯ ಹಿಂದೆಯೇ ಓಡತೊಡಗಿತು. ಇದೇ ತನ್ನ ದನಿ, ಇಷ್ಟು ವರ್ಷ ಹುಡುಕಿದ್ದು ಇದನ್ನೇ ಎಂದು ಪ್ರಜ್ಞಾಳಿಗೆ ಖುಷಿಯಿಂದ ಮೈಯೆಲ್ಲ ಜುಮ್ಮೆಂದಿತು. ಎರಡನೆಯ ಹಾಡು ಮುಗಿಯುತ್ತಲೇ ಸ್ನೇಹಲ್ ಸ್ಟೇಜಿನ ಬದಿಗೆ ಓಡಿಬಂದು ಕೂಗಿದಳು: “ಸೋಮವಾರ ಸ್ಟುಡಿಯೊಕ್ಕ ಬರ್ರಿ! ಆ ಹಲಗೀನೂ ತರ್ರಿ, ಮತ್ತ ಬಿಟ್ಟ ಬಂದೀರಿ!”

ಮೂರನೆಯ ಹಾಡಿಗೆ ಇಡೀ ಮೈದಾನ ಎದ್ದು ನಿಂತಿತು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೂ ಎದ್ದರು. ಕೂತವರು ಇಬ್ಬರೇ: ಮೇಲೆ ಸ್ಟೂಲಿನಲ್ಲಿ ಪ್ರಜ್ಞಾ, ಕೆಳಗೆ ಮೊದಲ ಸಾಲಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಭರಮಪ್ಪ.