ಷೋಕೇಸಿನೊಳಗಿನ ಹಿಮ

ಡಿಸೆಂಬರ್ ಬಂತೆಂದರೆ ಟೈಲರಕ್ಕನಿಗೆ ತಲೆನೋವು ಶುರು. ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಗಿ ಮಾಡುವುದು ಅವಳ ಕೆಲಸ. ಆದರೆ ಆ ಒಂದು ತಿಂಗಳು ಮುಂಭಾಗದ ಗಾಜಿನ ಷೋಕೇಸಿನಲ್ಲಿ ಹಿಮ ಸುರಿಸುವುದೂ ಅವಳ ತಲೆಗೇ ಬರುತ್ತಿತ್ತು. ಹೊರಗೆ ನೋಡಿದರೆ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು. ಅಂಗಡಿಯ ಯಜಮಾನರು ಹಿಮ ಕಂಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಆದರೂ ಹಿಮವಿಲ್ಲದ ಕ್ರಿಸ್‌ಮಸ್ ಉಪ್ಪಿಲ್ಲದ ಊಟ ಎಂದು ಅವರ ಹಟ.

ಈ ಸಲ ಹತ್ತಿ ಬೇಡವೆಂದರು. ಹೋದ ವರ್ಷದ್ದು ದಿಂಬು ಒಡೆದ ಹಾಗೆ ಕಾಣುತ್ತಿತ್ತಂತೆ. ಮೂಟೆಗಟ್ಟಲೆ ಥರ್ಮೊಕೋಲ್ ಕಾಳು ತರಿಸಿದರು. ಉಸಿರು ಬಿಟ್ಟರೆ ಹಾರುತ್ತದೆ, ಕೈಗಂಟಿದರೆ ಬಿಡುವುದಿಲ್ಲ, ಅಂಥದ್ದು. ಮೊದಲ ದಿನವೇ ಅವಳ ಕೂದಲಲ್ಲಿ, ಮೆಷಿನ್ನಿನ ಬಾಬಿನ್ನಿನಲ್ಲಿ, ಚಹಾದ ಲೋಟದಲ್ಲಿ ಕಾಳು. ಷೋಕೇಸಿನ ಫ್ಯಾನು ಹಾಕಿದರೆ ಹಿಮವೆಲ್ಲ ಎದ್ದು ಕುಣಿಯುತ್ತದೆಂದು ಯಜಮಾನರು ಸ್ವಿಚ್ಚಿನ ಮೇಲೆ ಟೇಪು ಅಂಟಿಸಿಬಿಟ್ಟರು.

ಹಿಮದ ನಡುವೆ ಕೂರಲು ಕ್ರಿಸ್‌ಮಸ್ ತಾತ ಬೇಕಲ್ಲ? ಅದಕ್ಕೆ ತಕ್ಕ ಹೊಟ್ಟೆ ಇದ್ದದ್ದು ವಾಚ್‌ಮನ್‌ಗೆ ಮಾತ್ರ. ಅವನು ಟೈಲರಕ್ಕನ ಒಡಹುಟ್ಟಿದ ಅಣ್ಣ. ಕೆಂಪು ಕೋಟು ಅವಳೇ ಹೊಲಿದಳು. ತೆಳು ಬಟ್ಟೆ ಸಾಕೆಂದು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಚಳಿಯಲ್ಲಿ ತೆಳು ಬಟ್ಟೆ ಯಾರು ಹಾಕುತ್ತಾರೆ ಎಂದು ಯಜಮಾನರು ಅವಳನ್ನೇ ಕೇಳಿದರು. ಉಣ್ಣೆಯ ಕೋಟೇ ಆಯಿತು.

ಅಣ್ಣ ಕೂರಿಸಿದಲ್ಲಿ ಕೂರುವ ಮನುಷ್ಯ. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ, ಅವನ ಹತ್ತಿಗಡ್ಡ ಬೆವರಿಗೆ ತೊಯ್ದು ಎದೆಗಿಳಿದಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಆದರೂ ಗಾಜಿನಾಚೆ ನಿಂತ ಮಗುವೊಂದಕ್ಕೆ ಕೈ ಬೀಸುತ್ತಲೇ ಇದ್ದ.

“ಅಣ್ಣಾ, ಎದ್ದು ಬಾ.”

“ಐದು ಗಂಟೆವರೆಗೂ ಅಂದಿದ್ದಾರಲ್ಲಮ್ಮ,” ಎಂದವನ ನಾಲಿಗೆ ತೊದಲಿತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಟೇಪು ಕಿತ್ತೆಸೆದು ಫ್ಯಾನನ್ನು ಪೂರ್ತಿ ಜೋರಾಗಿ ತಿರುಗಿಸಿದಳು. ಕಾಳುಗಳು ಭುಗಿಲೆಂದು ಎದ್ದು, ತೆರೆದ ಬಾಗಿಲಿನಿಂದ ಅಂಗಡಿಯೊಳಗೆ ನುಗ್ಗಿ, ಮಡಚಿಟ್ಟ ಅಂಗಿಗಳ ಮೇಲೆ, ಗಿರಾಕಿಗಳ ತಲೆಯ ಮೇಲೆ ಕೂತವು. ಅವಳು ಅತ್ತ ತಿರುಗಿಯೂ ನೋಡದೆ ಅಣ್ಣನ ಗುಂಡಿ ಬಿಚ್ಚಿ ನೀರು ಕುಡಿಸಿದಳು.

ಕನ್ನಡಕದ ತುಂಬ ಕಾಳು ಅಂಟಿಸಿಕೊಂಡು ಯಜಮಾನರು ಓಡಿಬಂದರು. ಕೆಲಸ ಹೋಯಿತೆಂದೇ ಅವಳು ಅಂದುಕೊಂಡಳು. ಹೋಗುವುದಾದರೆ ಹೇಳಿಯೇ ಹೋಗೋಣವೆಂದು ಬಾಯಿ ಬಿಟ್ಟಳು.

“ಯಜಮಾನ್ರೇ, ಅಷ್ಟೊಂದು ಹಿಮ ಬೇಕಾದ್ರೆ ಈ ಕೋಟು ಹಾಕ್ಕೊಂಡು ನೀವೇ ಕೂತ್ಕೊಳ್ಳಿ. ನಮ್ಮಣ್ಣ ಕೂರಲ್ಲ.”

ಯಜಮಾನರ ಕಿವಿ ಇತ್ತ ಇರಲಿಲ್ಲ. ಗಾಜಿನಾಚೆ ರಸ್ತೆಯ ಜನವೆಲ್ಲ ಮುತ್ತಿಕೊಂಡಿತ್ತು. ಎದುರಂಗಡಿಯವನೂ ಬಂದು ಕತ್ತೆತ್ತಿ ನೋಡುತ್ತಿದ್ದ. ಅವನ ಷೋಕೇಸಿನಲ್ಲೂ ಹಿಮವಿತ್ತು, ಆದರೆ ಅದು ನೆಲದ ಮೇಲೆ ಬಿದ್ದುಕೊಂಡಿತ್ತು, ಇವರದು ಸುರಿಯುತ್ತಿತ್ತು.

ಮರುದಿನದಿಂದ ಗಂಟೆಗೊಮ್ಮೆ ಹಿಮ ಸುರಿಯಬೇಕೆಂದು ಅಪ್ಪಣೆಯಾಯಿತು. ಅಣ್ಣನಿಗೆ ತೆಳು ಕೋಟು ಬಂತು, ತಂಪು ಗಾಳಿ ಬಂತು. ಟೈಲರಕ್ಕನಿಗೆ ಬಂದದ್ದು ಪೊರಕೆ. ಗುಡಿಸಿದ ಕಾಳು ಪೊರಕೆಗೇ ಅಂಟುತ್ತಿತ್ತು. ಅದನ್ನು ಕೊಡವಿದರೆ ಮತ್ತೆ ಅವಳ ಸೀರೆಗೆ. ಪ್ಯಾಂಟುಗಳು ರಾಶಿ ಬಿದ್ದವು.

ಇಪ್ಪತ್ತಾರನೆಯ ತಾರೀಕು ಯಜಮಾನರು ಖುಷಿಯಿಂದ ಹಿಂದಿನ ಕೋಣೆಗೆ ಬಂದು, ಮುಂದಿನ ವರ್ಷ ನಿಜವಾದ ಮಂಜುಗಡ್ಡೆಯನ್ನೇ ಅರೆದು ಹಾಕಿದರೆ ಹೇಗೆ ಎಂದು ಕೇಳಿದರು. ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು.

“ಹಾಕಿ, ಚೆನ್ನಾಗಿರುತ್ತೆ. ನಂಗೆ ಮಾತ್ರ ಡಿಸೆಂಬರ್ ಪೂರ್ತಿ ರಜೆ ಬರ್ಕೊಳ್ಳಿ, ಈಗಲೇ.”