ಕಸ್ತೂರಿಯ ಎರಡನೆಯ ಉತ್ತರ

ನಾನು ಕಣ್ಣು ಕಾಣದ ಮಕ್ಕಳು ಲೆಕ್ಕ ಮಾಡುವ ಹಲಗೆ. ಅಲ್ಯೂಮಿನಿಯಂ ತಗಡಿಗೆ ಸಾಲುಸಾಲಾಗಿ ಎಂಟು ಮೂಲೆಯ ರಂಧ್ರಗಳನ್ನು ಕೊರೆದ ದಿನ ನಾನು ಹುಟ್ಟಿದೆ. ರಂಧ್ರದಲ್ಲಿ ಸೀಸದ ಸಣ್ಣ ಅಚ್ಚನ್ನು ನಿಲ್ಲಿಸುತ್ತಾರೆ. ಅದು ತಿರುಗಿದ ದಿಕ್ಕನ್ನು ಬೆರಳಿನಿಂದ ಮುಟ್ಟಿ ಅಂಕಿಯನ್ನು ಓದುತ್ತಾರೆ.

ಗದಗ ಕಡೆಯ ಒಂದು ಅಂಧ ಮಕ್ಕಳ ಶಾಲೆಗೆ ಬಂದೆ. ಮೊದಲು ಸಿಕ್ಕವರೆಲ್ಲ ಕೂಡಿಸುವುದು, ಕಳೆಯುವುದು ಕಲಿತು ನನ್ನನ್ನು ಬಿಟ್ಟರು. ಹತ್ತನೆಯ ತರಗತಿಯಲ್ಲಿ ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದಿತ್ತು, ಎಲ್ಲರೂ ಅದನ್ನೇ ತೆಗೆದುಕೊಳ್ಳುತ್ತಿದ್ದರು. ಕಸ್ತೂರಿ ಎಂಬ ಹುಡುಗಿ ಮಾತ್ರ ಗಣಿತವೇ ಬೇಕೆಂದು ಹಟ ಹಿಡಿದಳು. ಫೇಲಾದರೆ ಹುಡುಗಿಯ ಓದೇ ನಿಂತೀತು ಎಂದು ಹೆಡ್‌ಮಾಸ್ತರ್ ಯಲಿಗಾರರಿಗೆ ಭಯ. ತಿಂಗಳು ಕಳೆದ ಮೇಲೆ ತಾವೇ ಪರೀಕ್ಷಿಸಿ ನಿರ್ಧರಿಸುವುದಾಗಿ ಹೇಳಿದರು.

ಆ ತಿಂಗಳು ಗಣಿತ ಕಲಿಸುವ ಮೆಹರುನ್ನಿಸಾ ಟೀಚರ್ ಒಂಬತ್ತು ಅಚ್ಚುಗಳನ್ನು ನನ್ನ ಮೇಲೆ ಚೌಕವಾಗಿ ಜೋಡಿಸಿದರು. ಕಸ್ತೂರಿ ಅಂಚನ್ನು ಸವರಿ, ಬದಿ ಮೂರು, ಅಂದರೆ ಒಂಬತ್ತರ ವರ್ಗಮೂಲ ಮೂರು ಎಂದಳು. ಆದರೆ x ವರ್ಗ ಒಂಬತ್ತಾದರೆ x ಮೈನಸ್ ಮೂರೂ ಆಗಬಹುದು ಎಂದು ಟೀಚರ್ ಹೇಳಿದಾಗ ಅವಳ ಬೆರಳು ನಿಂತಿತು.

“ಬದಿ ಮೈನಸ್ ಹೆಂಗ ಆಗತೈತ್ರಿ ಟೀಚರ್?”

“ಬದಿ ಆಗಂಗಿಲ್ಲವಾ. ಇಲ್ಲಿ ಬದಿ ಕೇಳಿಲ್ಲ. ಯಾವ ಸಂಖ್ಯೆಯನ್ನ ಅದರಿಂದನ ಗುಣಿಸಿದ್ರ ಒಂಬತ್ತು ಬರತೈತಿ ಅಂತ ಕೇಳೈತಿ. ಮೈನಸ್ ಮೂರನ್ನೂ ಗುಣಿಸಿ ನೋಡು.”

ಗುಣಿಸಿದಳು. ಒಂಬತ್ತೇ ಬಂತು. ಮತ್ತೊಮ್ಮೆ ಗುಣಿಸಿ ತನ್ನಷ್ಟಕ್ಕೆ ನಕ್ಕಳು.

ಪರೀಕ್ಷೆಯ ದಿನ ಯಲಿಗಾರರು ಕೊಟ್ಟ ಸಮೀಕರಣ: x ವರ್ಗದಲ್ಲಿ 2x ಕಳೆದರೆ ಹದಿನೈದು. ಅವಳು ಅಚ್ಚುಗಳನ್ನು ಒಂದೊಂದಾಗಿ ನನ್ನ ಮೇಲೆ ನಿಲ್ಲಿಸಿದಳು. ಎರಡೂ ಕಡೆ ಒಂದು ಕೂಡಿಸಿದಳು. ಎಡಗಡೆ x ಮೈನಸ್ ಒಂದರ ವರ್ಗವಾಯಿತು, ಬಲಗಡೆ ಹದಿನಾರು. ಹಾಗಾದರೆ x ಮೈನಸ್ ಒಂದು ಎಂದರೆ ನಾಲ್ಕು. x ಐದು ಎಂದಳು. ಯಲಿಗಾರರು ಸರಿ ಎಂದು ಎದ್ದರು.

“ಇನ್ನೂ ಮುಗಿದಿಲ್ರಿ ಸರ,” ಎಂದಳು ಕಸ್ತೂರಿ. “x ಮೈನಸ್ ಒಂದು ಅನ್ನೋದು ಮೈನಸ್ ನಾಲ್ಕೂ ಇರಬಹುದು. ಆಗ x ಅಂದ್ರ ಮೈನಸ್ ಮೂರು. ಇಟ್ಟು ನೋಡ್ರಿ, ಅದೂ ಹದಿನೈದನ್ನ ಕೊಡತೈತಿ.”

ಯಲಿಗಾರರು ಮತ್ತೆ ಕುಳಿತು, ಲೆಕ್ಕ ಹಾಕಿ ನೋಡಿದರು. ಆಮೇಲೆ ಗಣಿತಕ್ಕೇ ಅವಳ ಹೆಸರು ಕಳಿಸುವಂತೆ ಟೀಚರಿಗೆ ಹೇಳಿದರು.

ಕಸ್ತೂರಿ ಪಾಸಾಗಿ ಕಾಲೇಜಿಗೆ ಹೋದಳು. ನಾನು ಇನ್ನೂ ಹಲವು ಕೈಗಳನ್ನು ಕಂಡೆ. ಈಗ ನನ್ನ ರಂಧ್ರಗಳು ಸವೆದಿವೆ, ಅಚ್ಚು ನೆಟ್ಟಗೆ ನಿಲ್ಲುವುದಿಲ್ಲ. ಗ್ರಂಥಾಲಯದ ಕೆಳಗಿನ ಕಪಾಟೇ ನನ್ನ ಮನೆ. ಉತ್ತರ ನನಗೆಂದೂ ಮೊದಲೇ ಗೊತ್ತಿರಲಿಲ್ಲ. ಬೆರಳುಗಳು ತಡವರಿಸುತ್ತ ಅದನ್ನು ತಲುಪುವಾಗ ಅವುಗಳ ಕೆಳಗೆ ಇದ್ದೆ, ಅಷ್ಟೇ. ಅದು ನನಗೆ ಸಾಕು.

ಪಕ್ಕದ ಕೋಣೆಯಲ್ಲಿ ಹತ್ತನೆಯ ತರಗತಿ ನಡೆಯುತ್ತದೆ. ಗಣಿತ ಬೇಕೋ ಬೇಡವೋ ಎಂದು ಈಗ ಮಕ್ಕಳನ್ನೇ ಕೇಳುತ್ತಾರೆ. ಈ ವರ್ಷ ನಾಲ್ವರು ಬೇಕು ಎಂದಿದ್ದಾರೆ.